ಲಿನೆಟ್ ಕಾರಿಗೆ ಎನಿಡ್ ಹೊಲಿದ ಹುಡ್ಡು

ಲಿನೆಟ್ ಕಾರಿನ ಮೊಟ್ಟಮೊದಲ ಹುಡ್ಡುಗಳನ್ನು, ಅಂದರೆ ಬಟ್ಟೆಯ ಚಾವಣಿಗಳನ್ನು, ಹೊಲಿದವರಲ್ಲಿ ಎನಿಡ್ ಗ್ಯಾಸ್ಕಿನ್ ಒಬ್ಬಳು. ಆ ಬಗ್ಗೆ ಅವಳಿಗೆ ಹೆಮ್ಮೆಯೇನೂ ಇರಲಿಲ್ಲ. "ಅದು ಹುಡ್ಡಾ? ಡೇರೆ ಅನ್ನಿ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಹೇಳದೆ ಇನ್ನೇನು? ಮಳೆ ಬಂತೆಂದರೆ ಕಾರಿನ ಯಜಮಾನ ರಸ್ತೆ ಬದಿಗೆ ನಿಲ್ಲಿಸಬೇಕು, ಇಳಿಯಬೇಕು, ಸೀಟಿನ ಹಿಂದೆ ಕೈ ತೂರಿಸಿ ಕಬ್ಬಿಣದ ಕಡ್ಡಿಗಳನ್ನು ಎಳೆಯಬೇಕು, ಒಂದಕ್ಕೊಂದು ಸಿಕ್ಕಿಸಿ ಚೌಕಟ್ಟು ನಿಲ್ಲಿಸಬೇಕು, ಅದರ ಮೇಲೆ ಕ್ಯಾನ್ವಾಸು ಹರಡಿ ಸುತ್ತಲೂ ಟಿಚ್ ಬಟನ್ ಒತ್ತುತ್ತ ಬರಬೇಕು. ಅಷ್ಟು ಹೊತ್ತಿಗೆ ಮಳೆಯೇ ನಿಂತಿರುತ್ತಿತ್ತು. ಕಾರಿನೊಳಗೆ ಮಾತ್ರ ಬಾತುಕೋಳಿ ಸಾಕುವಷ್ಟು ನೀರು.

ಆದರೂ ಜನ ಆ ಕಾರಿಗೆ ಮುಗಿಬೀಳುತ್ತಿದ್ದರು. ಕಾವೆಂಟ್ರಿ ಊರಂಚಿನ ನಮ್ಮ ಥಾರ್ಬಿ ಕಾರ್ಖಾನೆಯಿಂದ ಹೊರಬಂದ ಆ ಎರಡು ಸೀಟಿನ ಪುಟ್ಟ ಕಾರು ಹಾಗಿತ್ತು, ನೋಡಿದ ಕೂಡಲೇ ನಗು ಬರುವಂಥದ್ದು. ಮೊದಲ ಲಿನೆಟ್‌ಗೆ ಹೊರಗಿನಿಂದ ಬಾಗಿಲಿನ ಹಿಡಿಯೇ ಇರಲಿಲ್ಲ, ಒಳಗೆ ಕೈ ಹಾಕಿ ತೆಗೆಯಬೇಕು. ಡಿಕ್ಕಿಗೆ ಮುಚ್ಚಳವಿರಲಿಲ್ಲ. ಕಿಟಕಿಯ ಜಾಗದಲ್ಲಿ ಬಾಗಿಲಿಗೆ ಸಿಕ್ಕಿಸುವ ಎರಡು ಪ್ಲಾಸ್ಟಿಕ್ ಹಲಗೆ. ಎರಡನೆಯ ಲಿನೆಟ್ ಬಂದಾಗ ಡಿಕ್ಕಿಗೆ ಮುಚ್ಚಳ ಬಂತು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಬಂತು, ಹಿಡಿಕೆ ತಿರುಗಿಸಿದರೆ ಏರಿಳಿಯುವ ಗಾಜು ಬಂತು. ಊರೆಲ್ಲ ಖುಷಿಪಟ್ಟಿತು, ಎನಿಡ್‌ಳ ಗಂಡ ವಿಲ್ಫ್ ಒಬ್ಬನನ್ನು ಬಿಟ್ಟು.

ವಿಲ್ಫ್‌ನದು ಕೊನೆಯ ತಪಾಸಣೆಯ ಕೆಲಸ. ತಯಾರಾದ ಕಾರನ್ನು ಗೇಟಿನಾಚೆ ಒಂದು ಸುತ್ತು ಓಡಿಸಿ, ಕಿವಿಗೊಟ್ಟು ಕೇಳಿ, ಸರಿಯಿದೆ ಅಥವಾ ಇಲ್ಲ ಎನ್ನುವವನು ಅವನು. ಅವನ ಪಾಲಿಗೆ ಮೊದಲ ಲಿನೆಟ್ಟೇ ಲಿನೆಟ್, ಆಮೇಲಿನದೆಲ್ಲ ಕೆಡಿಸಿದ್ದು. ಡಿಕ್ಕಿಯ ಮುಚ್ಚಳ ನೋಡಿ, "ಸಾಮಾನು ಹೊರೋರು ವ್ಯಾನು ತಗೊಳ್ಳಲಿ," ಎಂದು ಮೂಗು ಮುರಿದಿದ್ದ. ಹೊಸ ಬ್ರೇಕು ನೋಡಿ, "ನಿಲ್ಲೋಕೆ ಇಷ್ಟು ಆತುರ ಇರೋನು ಮನೆಯಿಂದ ಹೊರಡೋದ್ಯಾಕೆ?" ಎಂದಿದ್ದ. ಗಾಜಿನ ಕಿಟಕಿ ಬಂದ ದಿನ ಊಟಕ್ಕೆ ಕೂತವನು ತಟ್ಟೆ ಮುಟ್ಟಲಿಲ್ಲ.

"ಯಾರಾದ್ರೂ ಸತ್ರೇನೋ?" ಎಂದು ಎನಿಡ್ ಕೇಳಿದಳು.

"ಒಂದು ಕಾರು ಸತ್ತಿತು," ಎಂದ ಅವನು.

"ಹಾಗಾದ್ರೆ ಆಲೂಗಡ್ಡೆ ನನಗಿರಲಿ," ಎಂದು ಅವಳು ಅವನ ತಟ್ಟೆಯಿಂದ ಎತ್ತಿಕೊಂಡಳು.

ಇಷ್ಟೆಲ್ಲ ಬದಲಾದರೂ ಆ ದರಿದ್ರ ಹುಡ್ಡಿಗೆ ಮಾತ್ರ ಯಾರೂ ಕೈ ಹಾಕಿರಲಿಲ್ಲ. ಮೂರನೆಯ ಲಿನೆಟ್ ಸಿದ್ಧವಾಗುವ ಹೊತ್ತಿಗೆ ಅಮೆರಿಕದಲ್ಲಿ ಕಾರು ಮಾರುವವರು ಗಟ್ಟಿಯಾಗಿ ಕೂಗಾಡತೊಡಗಿದರು. ದೊಡ್ಡ ಎಂಜಿನ್ ಕೊಡಿ, ಬಿಡಿ, ಮೊದಲು ಕಾರಿನೊಳಗೆ ಸುರಿಯುವ ಮಳೆ ನಿಲ್ಲಿಸಿ, ಎಂದರು. ನಕ್ಷೆ ವಿಭಾಗದ ಮುಖ್ಯಸ್ಥರಾದ ಮಿಸ್ಟರ್ ಇಂಗಲ್ಬಿ ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದರು. ಹೊರಗಿನ ಒಂದು ಕಂಪನಿಯವರು ಮಡಚುವ ಹುಡ್ಡನ್ನು ಸಿದ್ಧವಾಗಿಯೇ ಕಳಿಸುತ್ತಾರಂತೆ, ಅವರಿಂದಲೇ ಕೊಂಡರಾಯಿತು.

ಅಂದರೆ ಎನಿಡ್ ಕೂತು ಹೊಲಿಯುವ ಹುಡ್ ಕೋಣೆಗೆ ಬೀಗ. ಆ ಕೋಣೆಯ ಹೆಂಗಸರು ಯುದ್ಧದ ಕಾಲದಲ್ಲಿ ಅದೇ ಯಂತ್ರಗಳ ಮುಂದೆ ಕೂತು ಪ್ಯಾರಾಚೂಟ್ ಹೊಲಿದವರು. ಪಕ್ಕದ ಯಂತ್ರದ ನೋರಾ ಬಿಗ್ಸ್‌ಳ ಕಷ್ಟಸುಖವೆಲ್ಲ ಎನಿಡ್‌ಗೆ ಗೊತ್ತು, ಎನಿಡ್‌ಳದು ನೋರಾಗೆ ಗೊತ್ತು. ಈಗ ಒಬ್ಬೊಬ್ಬರನ್ನು ಒಂದೊಂದು ಕಡೆಗೆ ಕಳಿಸುತ್ತಾರಂತೆ. ಕೆಲವರು ಸೀಟು ವಿಭಾಗಕ್ಕೆ, ಕೆಲವರು ಊರಿನ ಆ ತುದಿಯ ಕಾರ್ಖಾನೆಗೆ, ನೋರಾಳಂಥ ವಯಸ್ಸಾದವರು ಮನೆಗೆ.

ಎನಿಡ್ ಏಪ್ರನ್ ಕೂಡ ಬಿಚ್ಚದೆ ನೇರವಾಗಿ ಇಂಗಲ್ಬಿಯವರ ಬಾಗಿಲು ತಟ್ಟಿದಳು.

"ಮಿಸ್ಟರ್ ಇಂಗಲ್ಬಿ, ಮಗುವಿನ ತಳ್ಳೋಗಾಡಿ ನೋಡಿದೀರಾ?"

"ನೋಡಿದೀನಿ, ಮಿಸೆಸ್ ಗ್ಯಾಸ್ಕಿನ್. ನನಗೂ ಮಕ್ಕಳಿದಾರೆ."

"ಮಳೆ ಬಂದ್ರೆ ತಾಯಿ ಏನ್ಮಾಡ್ತಾಳೆ? ನಿಂತು ಡೇರೆ ಹಾಕ್ತಾಳಾ? ಗಾಡಿ ಮುಸುಕನ್ನ ಒಂದು ಕೈಲಿ ಎಳೀತಾಳೆ, ಆಯ್ತು. ಕೂಸಿಗೆ ಸಿಗೋ ಸುಖ ಕಾರು ಕೊಂಡವನಿಗೆ ಯಾಕಿಲ್ಲ? ಕಂಬಿ ನೀವು ಬರೀರಿ, ಬಟ್ಟೆ ನಾವು ನೋಡ್ಕೋತೀವಿ. ಹೊರಗಿನೋರು ಯಾಕೆ ಬೇಕು?"

ಇಂಗಲ್ಬಿ ಕೆಟ್ಟವರಲ್ಲ, ಅವಸರದವರು ಅಷ್ಟೆ. ಕನ್ನಡಕ ಒರೆಸಿಕೊಂಡು, "ಮಾಡಿ ತೋರಿಸಿ," ಎಂದರು. "ಬಕೆಟ್ ದಾಟಿದ್ರೆ ನಿಮ್ಮ ಹುಡ್ಡೇ ಹೋಗುತ್ತೆ. ದಾಟಲಿಲ್ಲ ಅಂದ್ರೆ ಆಮೇಲೆ ನನ್ನ ಬೈಬಾರದು."

ಬಕೆಟ್ ಎಂದರೆ ನಮ್ಮ ಕಾರ್ಖಾನೆಯ ಪದ್ಧತಿ. ಕಾರಿನೊಳಗೆ ನೀರು ಬರದಂತೆ ತಡೆಯುವ ಯಾವುದೇ ಹೊಸ ವಸ್ತುವಿರಲಿ, ಅದನ್ನು ಮಾಡಿದವರೇ ಚರ್ಚಿಗೆ ಹೋಗುವ ಬಟ್ಟೆ ತೊಟ್ಟು ಕಾರಿನಲ್ಲಿ ಕೂರಬೇಕು. ಅಂಗಳದಲ್ಲಿ, ಚಹಾದ ಹೊತ್ತಿಗೆ, ಎಲ್ಲರೆದುರು. ಹಳೆ ಬಟ್ಟೆ ಹಾಕಿಕೊಂಡು ಬಂದವರಿಗೆ ತಮ್ಮ ಕೆಲಸದ ಮೇಲೆ ತಮಗೇ ನಂಬಿಕೆಯಿಲ್ಲ ಎಂದು ಲೆಕ್ಕ. ಮೊದಲ ಬಕೆಟ್ ಸುರಿಯುವವರು ಅವರಿಗೆ ಅತಿ ಹತ್ತಿರದವರೇ ಆಗಿರಬೇಕು, ಆಗ ಯಾರೋ ಹಗೆ ತೀರಿಸಿಕೊಂಡರು ಎನ್ನುವ ಹಾಗಿಲ್ಲ. ಒಮ್ಮೆ ಕೂತ ಮೇಲೆ ಬಕೆಟ್ ಬೀಳುವವರೆಗೆ ಏಳುವಂತಿಲ್ಲ. ಎರಡನೆಯ ಲಿನೆಟ್‌ನ ಕಿಟಕಿ ರಬ್ಬರು ಮಾಡಿದ ಪುಣ್ಯಾತ್ಮ ಮದುವೆಯ ಸೂಟು ತೊಟ್ಟು ಕೂತು ಕಾಲುಚೀಲದವರೆಗೆ ತೊಯ್ದುಹೋಗಿದ್ದ. ನಿವೃತ್ತಿಯಾಗುವವರೆಗೂ ಅವನನ್ನು ಎಲ್ಲರೂ ಕಪ್ಪೆ ಎಂದೇ ಕರೆದರು.

"ಬಕೆಟ್ ನಾನೇ ಸುರೀಬೇಕಾ?" ಎಂದು ಕೇಳಿದ ವಿಲ್ಫ್‌ನ ಮುಖ ಕ್ರಿಸ್‌ಮಸ್ ಬೆಳಗ್ಗೆಯ ಹುಡುಗನ ಮುಖದಂತೆ ಅರಳಿತು. "ಮದುವೆಯಾದಾಗಿನಿಂದ ಇಂಥ ಅವಕಾಶ ಸಿಕ್ಕಿರಲಿಲ್ಲ ಕಣೇ."

ಆ ಚಳಿಗಾಲವಿಡೀ ಹುಡ್ ಕೋಣೆಯಲ್ಲಿ ಅದೇ ಕೆಲಸ. ಕ್ಯಾನ್ವಾಸು ಬಿಟ್ಟು ರೆಕ್ಸಿನ್ ಹಿಡಿದರು, ನೀರು ಕುಡಿಯುವುದಿಲ್ಲವೆಂದು. ಇಂಗಲ್ಬಿಯವರು ಬರೆದ ಕಂಬಿಗಳು ತಳ್ಳುಗಾಡಿಯ ಹಾಗೆಯೇ ಮಡಚಿ ಸೀಟಿನ ಹಿಂದೆ ಮಲಗುತ್ತಿದ್ದವು. ಹಬೆಯ ಕೊಳವೆಗಳ ಪಕ್ಕದ ಬೆಚ್ಚಗಿನ ಮೂಲೆಯಲ್ಲಿ ಕಾರಿನ ಒಂದು ಒಡಲನ್ನು ಇಟ್ಟುಕೊಂಡು ಅಳೆದರು, ಕತ್ತರಿಸಿದರು, ಹೊಲಿದರು, ಬಿಚ್ಚಿದರು, ಮತ್ತೆ ಹೊಲಿದರು. ಕೊನೆಗೆ ಹುಡ್ಡು ತಮಟೆಯ ಚರ್ಮದಂತೆ ಬಿಗಿಯಾಗಿ ಕೂತಿತು. ನೋರಾ ಅದರ ಮೇಲೆ ಬೆರಳಿನಿಂದ ತಾಳ ಹಾಕಿ ತೋರಿಸಿದಳು.

ಪರೀಕ್ಷೆಯ ದಿನ ಫೆಬ್ರವರಿಯ ಹಿಮ ಅಂಗಳದ ಕಲ್ಲುಗಳ ಮೇಲೆಲ್ಲ ಬೆಳ್ಳಗೆ ಕೂತಿತ್ತು. ಅಂಗಳದ ಮೇಲ್ವಿಚಾರಕ ಟ್ರಾಂಟರ್ ಬೆಳಗಾಗುತ್ತಲೇ ಕಾರನ್ನು ಹೊರಗೆ ತಳ್ಳಿಸಿ ನಡುವೆ ನಿಲ್ಲಿಸಿದ್ದ. ಚಹಾದ ಗಂಟೆ ಹೊಡೆದಾಗ ಇಡೀ ಕಾರ್ಖಾನೆ ಅಲ್ಲಿತ್ತು. ಎನಿಡ್ ನೀಲಿ ಉಡುಪು ತೊಟ್ಟು, ಗರಿ ಸಿಕ್ಕಿಸಿದ ಟೋಪಿ ಇಟ್ಟುಕೊಂಡು ರಾಣಿಯಂತೆ ನಡೆದುಬಂದು ಕಾರಿನಲ್ಲಿ ಕೂತಳು. ವಿಲ್ಫ್ ಏಣಿ ಏರಿ ಬಕೆಟ್ ಹಿಡಿದು ಸಿದ್ಧನಾದ.

ಎನಿಡ್ ಹಿಂದಕ್ಕೆ ಕೈ ಚಾಚಿ ಹುಡ್ಡನ್ನು ಎಳೆದಳು. ಕಂಬಿಗಳು ಸೊಗಸಾಗಿ ಎದ್ದವು. ಅಂಚು ಮುಂದೆ ಬಂತು, ಬಂತು, ಮುಂದಿನ ಗಾಜಿನ ಚೌಕಟ್ಟಿಗೆ ಇನ್ನೂ ನಾಲ್ಕು ಬೆರಳು ಇರುವಾಗ ನಿಂತೇಬಿಟ್ಟಿತು.

ಅವಳು ಜಗ್ಗಿದಳು. ಕಾಲನ್ನು ಒತ್ತಿಹಿಡಿದು ಜಗ್ಗಿದಳು. ಚರ್ಚಿನ ಬಟ್ಟೆಗೆ ಒಪ್ಪದ ಒಂದು ಮಾತು ಆಡಿ ಜಗ್ಗಿದಳು. ಹುಡ್ಡು ಜಪ್ಪಯ್ಯ ಎನ್ನಲಿಲ್ಲ.

"ಮುಚ್ಚಾಯ್ತೇನೇ?" ಎಂದು ಮೇಲಿನಿಂದ ವಿಲ್ಫ್ ಕೂಗಿದ.

"ನಿನ್ನ ಬಾಯಿ ಮುಚ್ಚು ಮೊದಲು!"

ಅಂಗಳವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಎನಿಡ್‌ಗೆ ಮಾತ್ರ ಆ ಕ್ಷಣ ಎಲ್ಲ ಅರ್ಥವಾಯಿತು. ಬೆಚ್ಚಗಿನ ಕೋಣೆಯಲ್ಲಿ ಅಳೆದು ಕತ್ತರಿಸಿದ ರೆಕ್ಸಿನ್ ಹಿಮದಲ್ಲಿ ಕುಗ್ಗಿಹೋಗಿತ್ತು! ಇಷ್ಟು ವರ್ಷ ಕ್ಯಾನ್ವಾಸಿನಲ್ಲಿ ಪಳಗಿದ ಕೈಗಳಿಗೆ ಅದು ಹೊಳೆದೇ ಇರಲಿಲ್ಲ. ಇಂಗಲ್ಬಿಯವರಿಗೂ ಹೊಳೆದಿರಲಿಲ್ಲ. ಇಡೀ ಚಳಿಗಾಲ ಎಲ್ಲರೂ ಹಬೆಯ ಕೊಳವೆಗೆ ಬೆನ್ನು ಕೊಟ್ಟು ಕೂತಿದ್ದರಲ್ಲ, ಯಾರಿಗೆ ಹೊಳೆಯಬೇಕು!

ಚಹಾದ ಗಾಡಿಯ ಮಿಸೆಸ್ ಆಪ್ಲಿನ್ ಮೆಲ್ಲಗೆ ಕಾರಿನ ಪಕ್ಕ ಬಂದಳು. "ಎನಿಡ್, ನನ್ನ ಹಂಡೆ ತುಂಬ ಬಿಸಿನೀರಿದೆ. ಬಟ್ಟೆ ಅದ್ದಿ ಆ ಅಂಚಿಗೆ ಸವರಿಬಿಡ್ತೀನಿ, ಮೆತ್ತಗಾಗುತ್ತೆ. ಯಾರಿಗೂ ಗೊತ್ತಾಗಲ್ಲ."

ಗೊತ್ತಾಗದೆ ಏನು, ಎಲ್ಲರೂ ನೋಡುತ್ತಲೇ ಇದ್ದರು. ಆದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಇಂಗಲ್ಬಿಯವರು ತಮ್ಮ ಬೂಟುಗಳನ್ನೇ ದಿಟ್ಟಿಸತೊಡಗಿದರು. ನೋರಾ ಕಣ್ಣಲ್ಲೇ ಹ್ಞೂಂ ಅನ್ನು, ಹ್ಞೂಂ ಅನ್ನು ಎಂದು ಬೇಡಿಕೊಳ್ಳುತ್ತಿದ್ದಳು. ಎನಿಡ್‌ಳ ಮನಸ್ಸೂ ಒಂದು ಗಳಿಗೆ ಆ ಕಡೆಗೆ ವಾಲಿತು. ಹ್ಞೂಂ ಎಂದರೆ ಹುಡ್ ಕೋಣೆ ಉಳಿಯುತ್ತದೆ, ನೋರಾ ಮನೆಗೆ ಹೋಗಬೇಕಿಲ್ಲ.

"ಬೇಡ ಕಣೇ," ಎಂದಳು ಕೊನೆಗೆ. "ಕಾರು ಕೊಂಡವನು ಮಳೇಲಿ ಸಿಕ್ಕಿಹಾಕ್ಕೊಂಡಾಗ ನಿನ್ನ ಚಹಾದ ಗಾಡಿ ಪಕ್ಕದಲ್ಲಿರುತ್ತಾ? ಅವನ ಬಾಯಿಂದ ಬೈಸಿಕೊಳ್ಳೋದಕ್ಕಿಂತ ಇದೇ ವಾಸಿ. ಹಾಕೋ ವಿಲ್ಫ್."

ಏಣಿಯ ಮೇಲಿದ್ದವನ ನಗು ಎಲ್ಲಿ ಹೋಯಿತೋ. "ತುಂಬಾ ಚಳಿ ಇದೆ ಕಣೇ, ಎನಿಡ್."

"ಹಾಕು ಅಂದ್ರೆ ಹಾಕು!"

ಅವನು ಹಾಕಿದ. ಆ ನಾಲ್ಕು ಬೆರಳಿನ ಸಂದಿಯಿಂದ ಇಡೀ ಬಕೆಟ್ ಅವಳ ಮಡಿಲಿಗೇ ಇಳಿಯಿತು. ಟೋಪಿಯ ಗರಿ ಮೂಗಿನ ಮೇಲೆ ಜೋತುಬಿತ್ತು. ಎನಿಡ್ ಕಾರಿನಿಂದ ಇಳಿದು ನಿಂತು, ನೀರು ಸುರಿಯುತ್ತಲೇ ಸಭೆಗೆ ನಮಸ್ಕರಿಸುವ ನಟಿಯಂತೆ ಬಾಗಿದಳು. ಆಗ ಎದ್ದ ಚಪ್ಪಾಳೆ ರಸ್ತೆಯವರೆಗೂ ಕೇಳಿಸಿತಂತೆ.

ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಅತ್ತದ್ದೂ ನಿಜ. ಈಗ ಕೇಳಿದರೆ ಶೀತವಾಗಿತ್ತು ಎನ್ನುತ್ತಾಳೆ. ಶೀತವಂತೆ!

ಅವಳು ಹೊರಗೆ ಬಂದಾಗ ಇಂಗಲ್ಬಿಯವರು ಕಾದು ನಿಂತಿದ್ದರು. "ಹೊರಗಿನ ಕಂಪನಿಗೆ ಶುಕ್ರವಾರ ಉತ್ತರ ಹೇಳಬೇಕು," ಎಂದರು. ಕನ್ನಡಕ ಒರೆಸಿಕೊಳ್ಳುತ್ತ, "ಶುಕ್ರವಾರ ಸಾಯಂಕಾಲ ಹೇಳಿದ್ರೂ ನಡೆಯುತ್ತೆ," ಎಂದು ಸೇರಿಸಿದರು.

ಮರುದಿನ ಹುಡ್ ಕೋಣೆಯ ಹೆಂಗಸರು ಕತ್ತರಿಸುವ ದೊಡ್ಡ ಮೇಜನ್ನು ಎತ್ತಿಕೊಂಡು ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಹೊರಟರು. ಬಾಗಿಲಲ್ಲಿ ಟ್ರಾಂಟರ್ ಅಡ್ಡ ನಿಂತ. "ಎಲ್ಲಿಗೆ ಮೆರವಣಿಗೆ?"

"ಚಳಿಗೆ," ಎಂದಳು ಎನಿಡ್. "ಒಲೆ ಪಕ್ಕ ಕೂತು ಮಳೆಗಾಲಕ್ಕೆ ಹೊಲಿದ್ವಲ್ಲ, ಆ ಬುದ್ಧಿಗೇಡಿತನ ಸಾಕು. ಸರಿ ಆ ಕಡೆ."

ಕೋಟು, ಶಾಲು, ಬೆರಳು ಕತ್ತರಿಸಿದ ಕೈಗವಸು ಹಾಕಿಕೊಂಡು ಹಿಮದಲ್ಲಿ ನಿಂತು ಸೀಮೆಸುಣ್ಣದ ಗೆರೆ ಎಳೆದರು. ಮೂಗುಗಳೆಲ್ಲ ಬೀಟ್‌ರೂಟ್ ಆದವು. ಚಹಾದ ಹೊತ್ತಿಗೆ ಗಂಡಸರು ಬಂದು ಪುಕ್ಕಟೆ ಸಲಹೆ ಕೊಟ್ಟರು, ಒಂದೂ ಉಪಯೋಗಕ್ಕೆ ಬರಲಿಲ್ಲ. ಚಳಿಯಲ್ಲಿ ಕತ್ತರಿಸಿದ ಹುಡ್ಡು ಚಳಿಯಲ್ಲಿ ಸರಿಯಾಗಿಯೇ ಕೂತಿತು. ಆದರೆ ಕಾರನ್ನು ಬಣ್ಣ ಒಣಗಿಸುವ ಬಿಸಿ ಕೋಣೆಗೆ ತಳ್ಳಿ ನೋಡಿದರೆ, ಅದೇ ಹುಡ್ಡು ಹಿಗ್ಗಿ ಹಳೆ ಹಾಸಿಗೆಯಂತೆ ಜೋತುಬಿತ್ತು.

"ಚಳಿಗೂ ಬೇಕು, ಬಿಸಿಲಿಗೂ ಬೇಕು ಅಂದ್ರೆ ಹೇಗೆ?" ಎಂದು ಇಂಗಲ್ಬಿಯವರು ತಲೆ ಕೆರೆದುಕೊಂಡರು. ಅವರೂ ಮಫ್ಲರ್ ಸುತ್ತಿಕೊಂಡು ಚಪ್ಪರದಲ್ಲೇ ಬಂದು ನಿಂತಿದ್ದರು.

ನೋರಾ ಸೂಜಿಯಿಂದ ಕಣ್ಣೆತ್ತದೆ ಹೇಳಿದಳು, "ನನ್ನ ಲಂಗದ ಸೊಂಟಕ್ಕೆ ಇಲಾಸ್ಟಿಕ್ ಇದೆ. ಕ್ರಿಸ್‌ಮಸ್ ಪುಡಿಂಗ್ ತಿಂದ್ರೂ ಸರಿ, ಉಪವಾಸ ಇದ್ರೂ ಸರಿ, ಇರೋ ಜಾಗದಲ್ಲೇ ಇರುತ್ತೆ."

ಇಂಗಲ್ಬಿಯವರ ಕಿವಿ ಕೆಂಪಾಯಿತು. ಮರುಕ್ಷಣವೇ ಅವರು ಮಿಸೆಸ್ ಆಪ್ಲಿನ್‌ಳ ಬಿಸ್ಕತ್ತಿನ ಡಬ್ಬದ ಮುಚ್ಚಳ ಕಸಿದುಕೊಂಡು ಅದರ ಮೇಲೆ ಗೀಚತೊಡಗಿದರು. ಹಿಂದಿನ ಕಂಬಿಗೆ ಒಂದು ಸ್ಪ್ರಿಂಗು. ರೆಕ್ಸಿನ್ ಹಿಗ್ಗಿದರೆ ಅದು ಎಳೆದು ಹಿಡಿಯುತ್ತದೆ, ಕುಗ್ಗಿದರೆ ಬಿಟ್ಟುಕೊಡುತ್ತದೆ. "ಮಿಸೆಸ್ ಬಿಗ್ಸ್, ನಿಮ್ಮ ಲಂಗಕ್ಕೆ ನಾನು ಋಣಿ," ಎಂದುಬಿಟ್ಟು, ಏನು ಹೇಳಿದೆನೆಂದು ಹೊಳೆದೊಡನೆ ಅಲ್ಲಿಂದ ಓಡಿದರು. ಆ ಮಾತು ಮಧ್ಯಾಹ್ನದೊಳಗೆ ಎಂಜಿನ್ ವಿಭಾಗ ಮುಟ್ಟಿತ್ತು.

ಶುಕ್ರವಾರ ಸಾಕ್ಷಾತ್ ಮಳೆಯೇ ಬಂತು. ನಡುನಡುವೆ ಹಿಮದ ಹರಳು ಬೆರೆತ, ಮೂಳೆ ಕೊರೆಯುವ, ಅಡ್ಡಡ್ಡ ಬೀಸುವ ಮಳೆ.

"ಇನ್ನು ಬಕೆಟ್ ಯಾಕೆ, ಮೇಲಿನವನೇ ಸುರೀತಾ ಇದಾನಲ್ಲ," ಎಂದ ಟ್ರಾಂಟರ್.

"ಬಕೆಟ್ ಬೇಕೇ ಬೇಕು!" ಎಂದು ಛತ್ರಿಗಳ ಕೆಳಗಿನಿಂದ ಇಡೀ ಅಂಗಳ ಅರಚಿತು.

ಎನಿಡ್ ಕೂತಳು. ಭುಜದ ಹಿಂದಿನಿಂದ ಎಳೆದಳು. ಹುಡ್ಡು ಒಂದೇ ಉಸಿರಿಗೆ ತಲೆಯ ಮೇಲಿಂದ ಹಾದು ಗಾಜಿನ ಚೌಕಟ್ಟಿನ ಮೇಲೆ ಕೂತಿತು. ಎರಡು ಕೊಕ್ಕೆ, ಟಕ್, ಟಕ್. ಆಯಿತು. ಒಂದೇ ಕೈಯಲ್ಲಿ!

ವಿಲ್ಫ್ ಈ ಸಲ ಸ್ವಲ್ಪವೂ ಕನಿಕರ ತೋರಿಸಲಿಲ್ಲ. ಮೊದಲ ಬಕೆಟ್ಟನ್ನು ಎರಡೂ ಕೈಯಿಂದ ಎತ್ತಿ ಅಪ್ಪಳಿಸಿದ. ಇನ್ನೊಂದು ಕೊಡಿ ಎಂದ. ಮತ್ತೊಂದು ಕೊಡಿ ಎಂದ. ಯಾರೋ ಕಾರು ತೊಳೆಯುವ ಪೈಪನ್ನೇ ಎಳೆದುತಂದರು. ಒಳಗೆ ಎನಿಡ್ ಕಣ್ಣುಮುಚ್ಚಿ ನೀರಿನ ಸದ್ದು ಕೇಳುತ್ತಾ, ಹೊಲಿಗೆಯ ಉದ್ದಕ್ಕೂ ಅಂಗೈ ಸವರಿದಳು. ಒಣ. ಕಂಬಿಯ ಮೂಲೆ, ಒಣ. ಗಾಜಿನ ಅಂಚು, ಅಲ್ಲೂ ಒಣ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಇಂಗಲ್ಬಿಯವರು ಬಾಗಿಲು ತೆಗೆದು, ತಲೆ ತೂರಿಸಿ, ಸೀಟು ಮುಟ್ಟಿ, ನೆಲ ಮುಟ್ಟಿ ನೋಡಿದರು. "ಹುಡ್ ಕೋಣೆ ಎಲ್ಲಿದೆಯೋ ಅಲ್ಲೇ ಇರುತ್ತೆ, ಮಿಸೆಸ್ ಗ್ಯಾಸ್ಕಿನ್," ಎಂದರು. ನೋರಾ ಛತ್ರಿ ಬಿಸಾಕಿ ಅವರನ್ನೇ ತಬ್ಬಿಕೊಂಡಳು. ಪಾಪ, ಅವರ ಕಿವಿ ಮತ್ತೆ ಕೆಂಪಾಯಿತು.

ಮುಂದೆ ಆ ಕಾರಿಗೆ ಏನೇನೋ ಆಯಿತು. ಎಂಜಿನ್ ದೊಡ್ಡದಾಯಿತು. ನಾಲ್ಕನೆಯ ಲಿನೆಟ್ ಬಂದಾಗ ಅಮೆರಿಕದ ಕಾಯಿದೆಗೆಂದು ಹೊಳೆಯುವ ಬಂಪರ್ ಹೋಗಿ ಕಪ್ಪು ರಬ್ಬರಿನದು ಬಂತು, ಕಾರು ನೆಲದಿಂದ ಮೇಲೆದ್ದು ಕೊಕ್ಕರೆಯ ಹಾಗೆ ನಿಂತಿತು. ಆದರೆ ಕೊನೆಯ ಲಿನೆಟ್ ಗೇಟು ದಾಟಿದ ದಿನವೂ ಅದರ ತಲೆಯ ಮೇಲಿದ್ದದ್ದು ಎನಿಡ್ ಮತ್ತು ನೋರಾ ಸೈಕಲ್ ಚಪ್ಪರದಲ್ಲಿ ಕತ್ತರಿಸಿದ ಅದೇ ಹುಡ್ಡು, ಅದೇ ಸ್ಪ್ರಿಂಗು. ಅದನ್ನು ಬದಲಿಸಬೇಕೆಂದು ಯಾರಿಗೂ ಅನಿಸಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಶುಕ್ರವಾರ ಅಂಗಳದಲ್ಲಿ ಕುಣಿತ ನಡೆದಿರುವಾಗಲೇ ವಿಲ್ಫ್ ಏಣಿ ಇಳಿದು ಬಂದು ಎನಿಡ್‌ಳ ಕಡೆಯ ಬಾಗಿಲು ತೆಗೆದ.

"ಆಚೆ ಜರುಗು. ನಾನು ಓಡಿಸಿ ನೋಡದೆ ಯಾವ ಕಾರಿಗೂ ಸರಿಯಿದೆ ಅನ್ನಲ್ಲ."

ಕಾರು ಗೇಟು ದಾಟಿ, ಇಟ್ಟಿಗೆ ಮನೆಗಳ ಸಾಲು ದಾಟಿ, ಬೇಲಿಗಳ ನಡುವಿನ ರಸ್ತೆಗೆ ಬಿತ್ತು. ಮಳೆ ಹುಡ್ಡಿನ ಮೇಲಿಂದ ಹರಿದಿಳಿಯುತ್ತಿತ್ತು. ವಿಲ್ಫ್ ತನ್ನ ತಪಾಸಣೆ ಶುರುಮಾಡಿದ. ತಿರುವಿನಲ್ಲಿ ತಿರುಗಿಸಿದ, ಹಳ್ಳದಲ್ಲಿ ಇಳಿಸಿದ, ಬೇಕೆಂದೇ ಗುಂಡಿಗೆ ಹಾರಿಸಿದ. ಕಿವಿ ಮಾತ್ರ ನಾಯಿಯ ಕಿವಿಯಂತೆ ನಿಮಿರಿತ್ತು.

"ಏನಾದ್ರೂ ಹೇಳೋ," ಎಂದಳು ಎನಿಡ್.

"ತಡಿ. ದೋಷ ಹುಡುಕ್ತಾ ಇದೀನಿ."

"ಸಿಕ್ತಾ?"

"ಒಂದು ಸಿಕ್ತು."

ಎನಿಡ್ ತಲೆ ಎತ್ತಿ ಹುಡ್ಡಿನ ಉದ್ದಕ್ಕೂ ಕಣ್ಣಾಡಿಸಿದಳು. "ಎಲ್ಲಿ? ಹೊಲಿಗೇಲಾ?"

"ಇಷ್ಟು ವರ್ಷ ಈ ಕಾರಿನ ಹುಡ್ಡು ಪಟಪಟ ಹೊಡ್ಕೋತಿತ್ತು, ನೀನೇನು ಬೈದ್ರೂ ನನಗೆ ಕೇಳಿಸ್ತಿರಲಿಲ್ಲ," ಎಂದ ವಿಲ್ಫ್ ಗಂಭೀರವಾಗಿ. "ಈಗ ಒಂದೊಂದು ಮಾತೂ ಕೇಳಿಸುತ್ತೆ. ಇದನ್ನ ಹೇಗೆ ಸರಿ ಮಾಡ್ತೀಯೋ ನೋಡು."

"ಅಯ್ಯೋ ನಿನ್ನ!" ಅವಳು ಅವನ ತೋಳಿಗೆ ಗುದ್ದಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ಇಳಿದ ಮೇಲೆ ಅವನು ರಸ್ತೆ ನೋಡುತ್ತಲೇ ಹೇಳಿದ, "ಚೆನ್ನಾಗಿದೆ ಕಣೇ. ನಿಜವಾಗ್ಲೂ ಚೆನ್ನಾಗಿದೆ." ಲಿನೆಟ್‌ನ ಯಾವ ಬದಲಾವಣೆಗೂ ಅವನ ಬಾಯಿಂದ ಆ ಮಾತು ಬಂದಿರಲಿಲ್ಲ. ಎನಿಡ್ ಗೇರಿನ ಮೇಲಿದ್ದ ಅವನ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು.

ದಿಬ್ಬ ಏರುವಷ್ಟರಲ್ಲಿ ಮಳೆ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಮೇಲಿನಿಂದ ಇಡೀ ಬಯಲು ಕಾಣುತ್ತಿತ್ತು, ಒದ್ದೆ ಹಸಿರು, ನಡುವೆ ತುಂಡು ತುಂಡು ಬಿಸಿಲು. ಹುಡ್ಡಿನ ಒಳಗಿನಿಂದ ಅದು ಅರ್ಧವೇ ಕಾಣಿಸುತ್ತಿತ್ತು. ಎನಿಡ್‌ಗೆ ಥಟ್ಟನೆ ಅನಿಸಿತು, ಈ ಚಳಿಗಾಲವಿಡೀ ಎಲ್ಲರೂ ಇದು ಹೇಗೆ ಮುಚ್ಚುತ್ತದೆ ಎಂದೇ ಕೇಳಿದರು. ಹೇಗೆ ತೆರೆಯುತ್ತದೆ ಎಂದು ಒಬ್ಬರೂ ಕೇಳಲಿಲ್ಲ.

ಅವಳು ಎರಡೂ ಕೊಕ್ಕೆ ತೆಗೆದು ಹುಡ್ಡನ್ನು ಹಿಂದಕ್ಕೆ ತಳ್ಳಿದಳು. ಅದು ಹೇಳಿದ ಮಾತು ಕೇಳುವ ಕೂಸಿನಂತೆ ಮಡಚಿಕೊಂಡು ಸೀಟಿನ ಹಿಂದೆ ಮಲಗಿತು. ಮಳೆ, ಗಾಳಿ, ಮಣ್ಣಿನ ವಾಸನೆ ಎಲ್ಲ ಒಟ್ಟಿಗೇ ಮುಖಕ್ಕೆ ರಾಚಿದವು.

"ಏಯ್! ತಲೆ ಕೆಟ್ಟಿದೆಯೇನೇ?" ವಿಲ್ಫ್ ಕಿರುಚಿದ. "ನೆನೆದುಹೋಗ್ತೀವಿ!"

"ನೆನೆಯೋಣ! ಬೇಕು ಅಂದಾಗ ಮುಚ್ಚೋಕೆ ಈಗ ಒಂದು ಕೈ ಸಾಕಲ್ಲ!" ಅವಳು ಗಾಳಿಗೆ ಮುಖವೊಡ್ಡಿ ಕೂಗಿದಳು. "ಕಾಲು ಒತ್ತೋ ವಿಲ್ಫ್, ಹುಡುಗಿ ಥರ ಓಡಿಸಬೇಡ, ನಾನು ಓಡಿಸೋ ಥರ ಓಡಿಸು!"

ಅವಳ ಮಾತು ಗಾಳಿಗೆ ಹಾರಿಹೋಯಿತು.

"ಏನಂದೆ?" ಎಂದು ಕೂಗಿದ ವಿಲ್ಫ್, ಬಾಯಿ ತುಂಬ ನಗುತ್ತಾ ಕಾಲು ಒತ್ತಿದ.